ಉಪ್ಪುನೀರಿನ ಈಜುಕೊಳ: ಹುಳಿ, ಸುಣ್ಣ, ಸೋಡಾಗಳ ಲೆಕ್ಕಾಚಾರ

ನಮ್ಮ ರಾಮನಗರದ ರಾಮಲೀಲೆಯ ಮೊದಲ ದಿನ ಇಲ್ಲಿಯ ಕೆರೆಯೊಂದು ಕ್ಷೀರಸಾಗರವಾಗುತ್ತದೆ. ನೀರಿನ ಮೇಲೆ ಶೇಷಶಾಯಿ ವಿಷ್ಣುವಿನ ದರ್ಶನ. ಆ ಹೊತ್ತಿನಲ್ಲಿ ನೀರು ಹಸಿರಾಗಿದೆಯೋ ಕದಡಿದೆಯೋ ಎಂದು ಯಾರೂ ನೋಡುವುದಿಲ್ಲ. ಆದರೆ ಮನೆಯ ಹಿತ್ತಲಿನ ಈಜುಕೊಳ ಹಸಿರಾದರೆ ಮನೆಮಂದಿಗೆಲ್ಲ ಗಾಬರಿ. ಕಾಶಿಯಲ್ಲಿ ಹುಟ್ಟಿ ಬೆಳೆದ ನಮ್ಮ ಕನ್ನಡದ ಮಕ್ಕಳಲ್ಲಿ ಹಲವರು ಈಗ ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಸಂಸಾರ ಹೂಡಿದ್ದೀರಿ. ಕೊಳವಿರುವ ಮನೆ ಕೊಂಡವರೂ ಇದ್ದೀರಿ. ನಿಮಗಾಗಿಯೇ ಈ ನಾಲ್ಕು ಮಾತು. ಬಿ.ಎ. ಇಂಗ್ಲಿಷ್ ಓದಿದವಳಿಗೆ ರಸಾಯನಶಾಸ್ತ್ರದ ಗೊಡವೆ ಏಕೆ ಎನ್ನಬೇಡಿ. ಮೂವತ್ತು ವರ್ಷ ಅಡಿಗೆಮನೆಯಲ್ಲಿ ಮಾಡಿದ್ದು ಅದನ್ನೇ ಅಲ್ಲವೆ?

ಬ್ರಿಸ್ಬೇನಿನಲ್ಲಿರುವ ನನ್ನ ತಂಗಿಯ ಮಗ ಹೊಸ ಮನೆ ತೋರಿಸುತ್ತಾ, "ದೊಡ್ಡಮ್ಮ, ಇದು ಉಪ್ಪಿನ ಕೊಳ, ಇದರಲ್ಲಿ ಕ್ಲೋರಿನ್ ಇಲ್ಲ" ಎಂದು ಹೆಮ್ಮೆಯಿಂದ ಹೇಳಿದ. ಹೀಗೆ ತಿಳಿದವರು ಬಹಳ ಮಂದಿ. ಇದು ಸರಿಯಲ್ಲ. ಉಪ್ಪೆಂದರೆ ಸೋಡಿಯಂ ಕ್ಲೋರೈಡ್. ಪಂಪಿನ ಪಕ್ಕದಲ್ಲಿ ಕೂರಿಸಿರುವ ಯಂತ್ರದೊಳಗೆ ಟೈಟಾನಿಯಂ ತಗಡುಗಳಿರುತ್ತವೆ. ಅವುಗಳ ನಡುವೆ ವಿದ್ಯುತ್ ಹರಿದಾಗ ಉಪ್ಪುನೀರಿನಿಂದಲೇ ಕ್ಲೋರಿನ್ ಹುಟ್ಟಿ ನೀರಿನಲ್ಲಿ ಕರಗುತ್ತದೆ. ಕೆಲಸ ಮುಗಿಸಿದ ಕ್ಲೋರಿನ್ ಬಹುಪಾಲು ಮತ್ತೆ ಉಪ್ಪಾಗುತ್ತದೆ. ಹಾಗಾಗಿ ಉಪ್ಪು ಬೇಗ ಖರ್ಚಾಗುವುದಿಲ್ಲ. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ. ಮಕ್ಕಳು ಎರಚಾಡಿದಾಗ, ಮಳೆಗೆ ಕೊಳ ತುಂಬಿ ಹರಿದಾಗ, ಶೋಧಕವನ್ನು ತೊಳೆದಾಗ ಮಾತ್ರ ಹೊರಹೋಗುತ್ತದೆ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ ಕೊಳಕ್ಕೆ 3ರಿಂದ 4 ಗ್ರಾಂ ಸಾಕು. ಇದು ನಮ್ಮ ಕಣ್ಣೀರಿಗಿಂತಲೂ ಸಪ್ಪೆ! ಆದರೂ 50,000 ಲೀಟರಿನ ಕೊಳಕ್ಕೆ ಲೆಕ್ಕ ಹಾಕಿ: ಲೀಟರಿಗೆ ಮೂರೂವರೆ ಗ್ರಾಂ ಎಂದರೆ 175 ಕಿಲೋ, ಅಂದರೆ 25 ಕಿಲೋದ ಏಳು ಚೀಲ.

ಉಪ್ಪು ಸುಲಭದ ಪಾಠ. ಕಷ್ಟವಿರುವುದು ಹುಳಿಯಲ್ಲಿ. ಆರತಿಗೆ ಓಕುಳಿ ನೀರು ಮಾಡುವಾಗ ಅರಿಸಿನಕ್ಕೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಕೊಳದ ಪರೀಕ್ಷಾ ಪೆಟ್ಟಿಗೆಯಲ್ಲಿ ನಡೆಯುವುದೂ ಅದೇ. ಅಲ್ಲಿ ಅರಿಸಿನದ ಬದಲು ಫೀನಾಲ್ ರೆಡ್ ಎಂಬ ಬಣ್ಣ; ಹುಳಿಯಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು. ಪಿ.ಎಚ್. 7.2ರಿಂದ 7.8ರ ಒಳಗಿರಬೇಕು. ಏಕೆಂದರೆ 7.2ರಲ್ಲಿ ಕ್ಲೋರಿನ್ನಿನ ಸುಮಾರು ಮೂರನೇ ಎರಡು ಪಾಲು ಸೂಕ್ಷ್ಮಜೀವಿಗಳನ್ನು ಕೊಲ್ಲಬಲ್ಲ ರೂಪದಲ್ಲಿದ್ದರೆ, 8ಕ್ಕೆ ಏರಿದಾಗ ಅದು ಕಾಲು ಪಾಲಿಗೆ ಇಳಿಯುತ್ತದೆ. ಪರೀಕ್ಷೆಯಲ್ಲಿ ಕ್ಲೋರಿನ್ ಇದೆ ಎಂದು ಕಾಣುತ್ತದೆ, ಕೆಲಸ ಮಾತ್ರ ಅರೆಬರೆ. ಉಪ್ಪಿನ ಕೊಳದಲ್ಲಿ ಪಿ.ಎಚ್. ತಾನಾಗಿಯೇ ಏರುತ್ತಿರುತ್ತದೆ. ಯಂತ್ರದಲ್ಲಿ ಏಳುವ ಜಲಜನಕದ ಸಣ್ಣ ಗುಳ್ಳೆಗಳು ನೀರಿನಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೊರಕ್ಕೆ ಓಡಿಸುವುದೇ ಮುಖ್ಯ ಕಾರಣ. ಸೋಡಾ ಬಾಟಲಿಯನ್ನು ತೆರೆದಿಟ್ಟರೆ ಹುಳಿ ಹೋಗಿ ಸಪ್ಪೆಯಾಗುವ ಹಾಗೆ. ಆದ್ದರಿಂದ ಆಗಾಗ ಸ್ವಲ್ಪ ಹೈಡ್ರೊಕ್ಲೋರಿಕ್ ಆಮ್ಲ ಹಾಕಬೇಕಾಗುತ್ತದೆ.

ಇನ್ನು ಕ್ಷಾರತೆ. ಇದು ಮನೆಯಲ್ಲಿ ಹಿರಿಯರಿದ್ದ ಹಾಗೆ, ಪಿ.ಎಚ್. ಒಮ್ಮೆಲೇ ಮೇಲೆ ಕೆಳಗೆ ಹಾರದಂತೆ ತಡೆಯುತ್ತದೆ. ಲೀಟರಿಗೆ 80ರಿಂದ 120 ಮಿಲಿಗ್ರಾಂ ಎನ್ನುತ್ತಾರೆ. ಉಪ್ಪಿನ ಕೊಳಕ್ಕೆ ಕೆಳಗಿನ ತುದಿಯೇ ಒಳ್ಳೆಯದು, ಜಾಸ್ತಿಯಾದರೆ ಪಿ.ಎಚ್. ಇನ್ನೂ ಬೇಗ ಏರುತ್ತದೆ. (ಹಿರಿಯರೂ ಅತಿಯಾದರೆ ಕಷ್ಟವೇ, ಹೇಳಬೇಕಾದ್ದಿಲ್ಲ.) ಕಡಿಮೆಯಾದರೆ ನಮ್ಮ ಅಡಿಗೆ ಸೋಡಾವೇ ಮದ್ದು. 50,000 ಲೀಟರಿಗೆ 10 ಮಿಲಿಗ್ರಾಂ ಏರಿಸಲು ಸುಮಾರು 850 ಗ್ರಾಂ ಬೇಕು.

ನೀರಿನ ಗಡಸುತನ ಎಂದರೇನೆಂದು ರಾಮನಗರದವರಿಗೆ ಹೇಳಿಕೊಡಬೇಕಿಲ್ಲ. ಗಂಗೆಯ ಬಯಲಿನ ಮಣ್ಣಿನಲ್ಲಿ ಕಂಕರ್ ಎಂಬ ಸುಣ್ಣದ ಗಂಟುಗಳಿವೆ. ಬೋರಿನ ನೀರು ಕಾಯಿಸಿದರೆ ರಾಡಿನ ಮೇಲೆ ಬಿಳಿಯ ಪರೆ ಕಟ್ಟುವುದನ್ನು ನೀವೆಲ್ಲ ಚಳಿಗಾಲದಲ್ಲಿ ನೋಡಿಯೇ ಬೆಳೆದಿರಿ. ಅದೇ ಪರೆ ಯಂತ್ರದ ತಗಡುಗಳ ಮೇಲೂ ಕೂರುತ್ತದೆ, ಕ್ಲೋರಿನ್ ಉತ್ಪತ್ತಿ ಕುಗ್ಗುತ್ತದೆ. ಹಾಗೆಂದು ಬರೀ ಮಳೆನೀರಿನಂಥ ಮೆದು ನೀರು ತುಂಬಿದರೂ ಆಗದು. ಅದು ಸುಣ್ಣಕ್ಕೆ ಹಸಿದು ಗಾರೆಯನ್ನೇ ತಿನ್ನತೊಡಗುತ್ತದೆ. ನೀರು ಸುಣ್ಣವನ್ನು ಕಕ್ಕುತ್ತದೋ ನುಂಗುತ್ತದೋ ಎಂದು ಅಳೆಯುವ ಸೂಚಿಯನ್ನು 1936ರಲ್ಲಿ ಲ್ಯಾಂಗಲಿಯರ್ ಎಂಬವರು ಊರಿನ ನೀರಿನ ಕೊಳವೆಗಳಿಗಾಗಿ ರೂಪಿಸಿದರು. ಇಂದು ಕೊಳದವರೂ ಅದನ್ನೇ ಬಳಸುತ್ತಾರೆ. ಗಾರೆಯ ಕೊಳಕ್ಕೆ ಕ್ಯಾಲ್ಸಿಯಂ ಗಡಸುತನ ಲೀಟರಿಗೆ 200ರಿಂದ 400 ಮಿಲಿಗ್ರಾಂ ಇರಲಿ.

ಬಿಸಿಲು ಕೆಲವೇ ಗಂಟೆಗಳಲ್ಲಿ ಕ್ಲೋರಿನ್ನಿನ ಬಹುಭಾಗವನ್ನು ನಾಶ ಮಾಡುತ್ತದೆ. ಅದಕ್ಕೆ ಕೊಡೆಯಂತೆ ಸಯನೂರಿಕ್ ಆಮ್ಲ ಬಳಸುತ್ತಾರೆ. ಅದು ಅತಿಯಾದರೆ ಕ್ಲೋರಿನ್ನಿನ ಕೈಕಾಲನ್ನೇ ಕಟ್ಟಿಹಾಕುತ್ತದೆ. ಆಗ ನೀರನ್ನು ಅಷ್ಟಿಷ್ಟು ಚೆಲ್ಲಿ ಹೊಸದು ತುಂಬುವುದೇ ನೆಚ್ಚಬಹುದಾದ ದಾರಿ. ಅಂದಹಾಗೆ, ಈಜುಕೊಳದ ಆ ಘಾಟು ವಾಸನೆ ಕ್ಲೋರಿನ್ ಹೆಚ್ಚಾದುದರ ಗುರುತಲ್ಲ. ಬೆವರು ಮತ್ತು (ಮಕ್ಕಳೇ, ನಿಮಗೇ ಗೊತ್ತು) ಮೂತ್ರದೊಡನೆ ಕ್ಲೋರಿನ್ ಸೇರಿ ಆದ ಕ್ಲೋರಮೈನಿನದು. ಕಣ್ಣು ಉರಿಯುವುದೂ ಬಹುಮಟ್ಟಿಗೆ ಅದರಿಂದಲೇ. ಕೊಳಕ್ಕಿಳಿಯುವ ಮೊದಲು ಮೈ ತೊಳೆಯಿರಿ ಎಂದು ದೊಡ್ಡವರು ಹೇಳುವುದು ಬರೀ ಮಡಿಗಾಗಿ ಅಲ್ಲ.

ಈಗ ತಮಾಷೆ ಬಿಟ್ಟು ಹೇಳುವ ಎರಡು ಮಾತು. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು. ಆಮ್ಲ ಮತ್ತು ಕ್ಲೋರಿನ್ ಪುಡಿಗಳನ್ನು ಎಂದೂ ಬೆರೆಸಬಾರದು, ಅಳತೆಗೆ ಒಂದೇ ಲೋಟವನ್ನೂ ಬಳಸಬಾರದು, ಪಕ್ಕಪಕ್ಕದಲ್ಲಿ ಇಡಲೂಬಾರದು. ಬೆರೆತರೆ ಏಳುವುದು ಕ್ಲೋರಿನ್ ಅನಿಲ; 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟ ವಿಷ ಅದೇ. ಕೊಳವಿಲ್ಲದ ರಾಮನಗರದ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಬಚ್ಚಲು ತೊಳೆಯುವ ಆಸಿಡ್ಡನ್ನು ಬ್ಲೀಚಿಂಗ್ ಪುಡಿಯೊಂದಿಗೆ ಸೇರಿಸಿ ಬಾಗಿಲು ಹಾಕಿಕೊಂಡು ಉಜ್ಜುವವರಿದ್ದಾರೆ. ಅಮ್ಮಂದಿರಿಗೂ ಕೆಲಸದವರಿಗೂ ತಿಳಿಸಿ ಹೇಳಿ.

ಎರಡನೆಯದು, ಮಬ್ಬು ನೀರು. ಲೆಕ್ಕ ತಪ್ಪಿ ನೀರು ಹಾಲುಹಾಲಾದರೆ ಅದು ಅಂದಚೆಂದದ ಪ್ರಶ್ನೆಯಲ್ಲ. ತಳಕ್ಕೆ ಇಳಿದ ಮಗು ಮೇಲಿನಿಂದ ಕಾಣಿಸುವುದಿಲ್ಲ. ಮುಳುಗುವ ಮಗು ಕೂಗುವುದೂ ಅಪರೂಪ. ದಡದಲ್ಲಿ ನಿಂತಾಗ ಅತಿ ಆಳದ ಕಡೆಯ ಜಾಲರಿ ಸ್ಪಷ್ಟವಾಗಿ ಕಾಣದಿದ್ದರೆ ಆ ದಿನ ಯಾರನ್ನೂ ಇಳಿಸಬೇಡಿ, ನೆಂಟರ ಮಕ್ಕಳು ಎಷ್ಟೇ ಅತ್ತರೂ ಸರಿ. ಬೇಲಿಯ ಬಾಗಿಲು ಹಾಕಿ, ಪಂಪು ಓಡಲು ಬಿಟ್ಟು, ಪರೀಕ್ಷಾ ಪೆಟ್ಟಿಗೆ ತೆಗೆದು ಮೊದಲು ಕ್ಲೋರಿನ್, ಆಮೇಲೆ ಪಿ.ಎಚ್. ನೋಡಿ. ಬೇಸಿಗೆಯಲ್ಲಿ ವಾರಕ್ಕೆ ಎರಡು ಬಾರಿಯಾದರೂ ನೋಡುವುದು ಲೇಸು, ದೊಡ್ಡ ಮಳೆ ಬಂದ ಮರುದಿನವಂತೂ ತಪ್ಪಿಸಬೇಡಿ.