ಒಂದು ನರರೋಗದ ಕಾರಣಾನ್ವೇಷಣೆ

ವಿದ್ಯುತ್ತಂತಿಗೆ ರಬ್ಬರಿನ ಹೊದಿಕೆಯಿರುವಂತೆ ಮಿದುಳು, ಬೆನ್ನುಹುರಿಗಳ ನರತಂತುಗಳಿಗೆ ಮಯೆಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು. ದೇಹದ ರಕ್ಷಣಾಶಕ್ತಿಯೇ ತಿರುಗಿಬಿದ್ದು ಈ ಹೊದಿಕೆಯನ್ನು ಅಲ್ಲಲ್ಲಿ ಕೆಡಿಸುವ ರೋಗಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರು. ದೃಷ್ಟಿ ಮಬ್ಬಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ. 1868ರಲ್ಲಿ ಪ್ಯಾರಿಸಿನ ವೈದ್ಯ ಶಾರ್ಕೋ ಇದನ್ನು ಪ್ರತ್ಯೇಕ ರೋಗವೆಂದು ನಿರೂಪಿಸಿದನು. ಕಾರಣ ಮಾತ್ರ ಬಹುಕಾಲ ಕೈಗೆ ಸಿಕ್ಕಲಿಲ್ಲ.

ಎಪ್‌ಸ್ಟೈನ್-ಬಾರ್ ಎಂಬ ವೈರಸ್ಸಿನ ಮೇಲೆ ಸಂಶಯವೇನೋ ಇದ್ದಿತು. ಆದರೆ ವಯಸ್ಕರಲ್ಲಿ ನೂರಕ್ಕೆ ಸುಮಾರು 95 ಮಂದಿಯ ದೇಹದಲ್ಲಿ ಅದು ನೆಲಸಿರುತ್ತದೆ. ಊರಿನ ಮನೆಮನೆಗೂ ಹೋಗಿಬರುವವನನ್ನು, ಕಳವಾದ ಮನೆಗೂ ಹೋಗಿದ್ದನೆಂಬ ಮಾತ್ರಕ್ಕೆ ಕಳ್ಳನೆನ್ನಬಹುದೆ?

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಆಲ್ಬರ್ಟೋ ಅಸ್ಕೇರಿಯೋ ಮತ್ತು ಅವರ ಸಹೋದ್ಯೋಗಿಗಳು ಹೂಡಿದ ಉಪಾಯ ಮೆಚ್ಚತಕ್ಕದ್ದು. ಅಮೆರಿಕದ ಸೈನ್ಯದಲ್ಲಿ ಸಿಬ್ಬಂದಿಯ ರಕ್ತವನ್ನು ಆಗಾಗ್ಗೆ ಪರೀಕ್ಷಿಸಿ, ಉಳಿದುದನ್ನು ಕಾದಿಡುವ ಪದ್ಧತಿಯುಂಟು. ಒಂದು ಕೋಟಿಗೂ ಮೇಲ್ಪಟ್ಟ ಈ ಜನರಲ್ಲಿ, ಮುಂದೆ ರೋಗಕ್ಕೆ ತುತ್ತಾದ 801 ಮಂದಿಯ ಹಳೆಯ ರಕ್ತವನ್ನು ಅವರು ಶೋಧಿಸಿದರು. ಮೊದಲಿನ ಮಾದರಿಯಲ್ಲಿ ಸೋಂಕಿಲ್ಲದಿದ್ದವರು 35 ಮಂದಿ. ಅವರಲ್ಲಿ 34 ಮಂದಿಗೆ ರೋಗ ತಲೆದೋರುವ ಮುನ್ನವೇ ಸೋಂಕು ತಗುಲಿತ್ತು! ಸೋಂಕಿನ ತರುವಾಯ ರೋಗಸಂಭವವು 32 ಪಟ್ಟು ಏರುವುದೆಂದು 2022ರಲ್ಲಿ ಪ್ರಕಟವಾಯಿತು. ಹೀಗೆಯೇ ಎಂಜಲಿನಿಂದ ಹರಡುವ ಇನ್ನೊಂದು ವೈರಸ್ಸಿಗೆ ಇಂತಹ ಸಂಬಂಧ ಕಾಣಲಿಲ್ಲ. ನರಗಳಿಗೆ ಪೆಟ್ಟು ಬಿದ್ದುದನ್ನು ಸೂಚಿಸುವ ದ್ರವ್ಯವೂ ರಕ್ತದಲ್ಲಿ ಹೆಚ್ಚಿದುದು ಸೋಂಕಿನ ಅನಂತರವೇ. ನನ್ನ ದೃಷ್ಟಿಯಲ್ಲಿ ಸಾಕ್ಷ್ಯಕ್ಕೆ ಬಲ ತರುವುದು ಇದೇ.

ಆದಾಗ್ಯೂ ಸೋಂಕು ತಗುಲಿದ ಬಹುಪಾಲಿನವರಿಗೆ ಈ ರೋಗ ಬರುವುದೇ ಇಲ್ಲವೆಂಬುದನ್ನು ಶ್ರೋತೃಗಳು ಗಮನಿಸಬೇಕು. ಅನುವಂಶಿಕ ಗುಣ, ಧೂಮಪಾನ, ಡಿ ಜೀವಸತ್ತ್ವದ ಕೊರತೆ ಇವುಗಳ ಪಾತ್ರವೂ ಉಂಟು.