ಹಾಡೋ, ಧಾರಾವಾಹಿಯೋ, ಡಬ್ಬಿಂಗೋ?

‘ಸಾರ್, ಯಾವುದಕ್ಕೆ ಕೈ ಹಾಕ್ಲಿ?’ ಗಾಂಧಿನಗರದಲ್ಲಿ ಬೈಟೂ ಕಾಫಿ ಹೀರುತ್ತಾ ಹುಡುಗ ಕೇಳಿದ. ಮೂರು ಕಡೆ ಕರೆ: ಚಿತ್ರಕ್ಕೊಂದು ಹಾಡು, ಧಾರಾವಾಹಿಗೆ ಸಂಭಾಷಣೆ, ತೆಲುಗು ಚಿತ್ರವೊಂದರ ಡಬ್ಬಿಂಗ್ ಮಾತು. ಅದೃಷ್ಟವಂತ!

ಮೂರನ್ನೂ ಮಾಡಿದವನು ನಾನು. ಧಾರಾವಾಹಿಯಲ್ಲಿ ಎಪಿಸೋಡಿಗಿಷ್ಟು ಅಂತ ಲೆಕ್ಕ. ಮನೆ ಬಾಡಿಗೆ ಹುಟ್ಟುತ್ತೆ, ನಿದ್ದೆ ಹಾಳು. ಡಬ್ಬಿಂಗನ್ನು ತಡೆಯುವುದು ತಪ್ಪೆಂದು ೨೦೧೫ರಲ್ಲಿ ಸ್ಪರ್ಧಾ ಆಯೋಗ ಹೇಳಿದ ಮೇಲೆ ಅಲ್ಲೂ ಕೆಲಸವುಂಟು. ಸುಲಭ ಅಂದ್ಕೋಬೇಡಿ ಗೆಳೆಯರೇ! ಪರದೆಯಲ್ಲಿ ತುಟಿ ಮುಚ್ಚಿದ ಕಡೆ ನಮ್ಮ ಮಾತಿನಲ್ಲೂ ಪ, ಬ, ಮ ಬೀಳಬೇಕು. ತೆಲುಗಿನ ‘ಪೋ’ಗೆ ತುಟಿ ಮುಚ್ಚುತ್ತೆ, ನಮ್ಮ ‘ಹೋಗು’ಗೆ ಮುಚ್ಚೋಲ್ಲ. ಅದೊಂದಕ್ಕೇ ಅರ್ಧ ದಿನ ತಲೆ ಕೆರೆದುಕೊಂಡಿದ್ದೇನೆ.

ಹಾಡಿನ ಕಥೆಯೇ ಬೇರೆ. ಮೊದಲು ಟ್ಯೂನು, ಆಮೇಲೆ ‘ತಾನನ’ಕ್ಕೆ ಮಾತು ತುಂಬೋದು. ನಾನು ಕಾಗದ ಓದದೆ ಸಹಿ ಹಾಕಿ, ಕೊಟ್ಟ ಕವರ್ ತಗೊಂಡು ಬಂದೆ. ಹಾಡು ಎಫ್ಎಮ್‌ನಲ್ಲಿ ಬಂದಾಗ ಕೇಳಿ ಹಿಗ್ಗಿದ್ದಷ್ಟೇ ಲಾಭ! ೨೦೧೨ರ ಕಾಪಿರೈಟ್ ತಿದ್ದುಪಡಿಯಂತೆ, ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಬರೆದವನಿಗೂ ರಾಯಲ್ಟಿಯ ಪಾಲುಂಟು. ನಿರ್ಮಾಪಕರಿಗೆ ಬರೆದುಕೊಡಲೂ ಬಾರದ ಹಕ್ಕು ಅದು. ಹೇಳುವವರಿರಲಿಲ್ಲ. ನಾಲ್ಕು ವರ್ಷ ಸುಮ್ಮನಿದ್ದೆ.

ಹುಡುಗ ಹಾಡು ಒಪ್ಪಿಕೊಂಡ. ಬಾಡಿಗೆಗಿರಲಿ ಅಂತ ಧಾರಾವಾಹಿಯನ್ನೂ ಬಿಡಲಿಲ್ಲ ಅನ್ನಿ! ಕರಾರುಪತ್ರ ಮೊದಲು ನನಗೆ ತೋರಿಸ್ತಾನಂತೆ. ಕಾಫಿ ದುಡ್ಡು ನಾನೇ ಕೊಟ್ಟೆ.