ಮುತ್ತು ಬಿಚ್ಚಿಟ್ಟವರು ಕಟ್ಟಿದ ಸಂಸ್ಥೆ

ಐಹೊಳೆಗೆ ಬಂದವರಿಗೆ ದುರ್ಗದ ಗುಡಿ, ಲಾಡಖಾನ್ ಗುಡಿ ತೋರಿಸಿಯಾದ ಮೇಲೆ ಊರಿನವರು ಹೊಳೆಯ ಕಡೆಗೆ ಕೈ ಮಾಡಿ ಇನ್ನೊಂದು ಕಥೆ ಹೇಳುತ್ತಾರೆ. ಪರಶುರಾಮ ಕ್ಷತ್ರಿಯರನ್ನು ಕೊಂದು, ನೆತ್ತರು ಮೆತ್ತಿದ ಕೊಡಲಿಯನ್ನು ಮಲಪ್ರಭೆಯ ಈ ಮಡುವಿನಲ್ಲಿ ತೊಳೆದನಂತೆ. ಆದರೆ ಆ ಕೊಡಲಿ ಅದಕ್ಕೂ ಮೊದಲು ಬಿದ್ದದ್ದು ಹೆತ್ತ ತಾಯಿಯ ಕೊರಳ ಮೇಲೆ. ಅಪ್ಪನ ಮಾತಿಗೆ ಮಗ ಕಡಿದ ಆ ತಾಯಿ ರೇಣುಕೆ. ಅವಳ ಗುಡಿ ಇರುವುದು ಇದೇ ಹೊಳೆ ಹರಿದು ಬರುವ ದಾರಿಯಲ್ಲಿ, ಮೇಲೆ ಸವದತ್ತಿಯ ಗುಡ್ಡದಲ್ಲಿ. ಜನ ಅವಳನ್ನು ಎಲ್ಲಮ್ಮ ಎಂದು ಕರೆಯುತ್ತಾರೆ. ಮೇಲೆ ತಾಯಿ, ಕೆಳಗೆ ಮಗನ ಕೊಡಲಿ, ನಡುವೆ ಮಲಪ್ರಭೆ.

ಈ ಹೊಳೆಯ ದಂಡೆಯ ಊರುಗಳಲ್ಲಿ, ಪಕ್ಕದ ಘಟಪ್ರಭೆ, ಕೃಷ್ಣೆಯರ ದಂಡೆಗಳಲ್ಲಿ, ಆ ತಾಯಿಯ ಹೆಸರು ಹೇಳಿ ಸಣ್ಣ ಹುಡುಗಿಯರಿಗೆ ಮುತ್ತು ಕಟ್ಟುವ ಪದ್ಧತಿ ತಲೆತಲಾಂತರದಿಂದ ನಡೆದುಬಂತು. ಕೆಂಪು, ಬಿಳಿ ಮಣಿಗಳ ಒಂದು ಸರ ಕೊರಳಿಗೆ ಬಿದ್ದರೆ ಆಯಿತು, ಆಕೆಗೆ ಮುಂದೆ ಮದುವೆಯಿಲ್ಲ. ಕಟ್ಟಿಕೊಂಡವನು ಎಂದು ಹೇಳಿಕೊಳ್ಳಲು ಗಂಡನಿಲ್ಲ, ಇಟ್ಟುಕೊಂಡವನು ಇರಬಹುದು. ಹುಟ್ಟುವ ಮಕ್ಕಳಿಗೆ ತಾಯಿ ಮಾತ್ರ. ಹೀಗೆ ಮುತ್ತು ಕಟ್ಟಿಸಿಕೊಂಡ ಹೆಂಗಸರೇ ಸೇರಿ ಕಟ್ಟಿದ, ಅವರೇ ನಡೆಸುವ ಸಂಸ್ಥೆಯೊಂದು ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿದೆ. ಹೆಸರು ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ. ಸುತ್ತಲಿನವರು ಚಿಕ್ಕದಾಗಿ ‘ಮಾಸ್’ ಎನ್ನುತ್ತಾರೆ. ಅದನ್ನು ಮುನ್ನಡೆಸಿದವರು ಸೀತವ್ವ ಜೋಡಟ್ಟಿ. ಏಳನೆಯ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡವರು. 2018ರಲ್ಲಿ ಸಮಾಜಸೇವೆಗಾಗಿ ಪದ್ಮಶ್ರೀ ಪಡೆದವರು.

ಸಂಸ್ಥೆಯ ಕೆಲಸ ಅರ್ಥವಾಗಬೇಕಾದರೆ ಮುತ್ತು ಯಾಕೆ ಕಟ್ಟುತ್ತಿದ್ದರು ಎಂಬುದನ್ನು ನೆಟ್ಟಗೆ ನೋಡಬೇಕು. ಹೊರಗಿನವರು ಇದನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಂಬಿಕೆ ಇತ್ತು, ನಿಜ. ಮಗುವಿಗೆ ವಾಸಿಯಾಗದ ಬೇನೆ ಬಂದರೆ, ತಲೆಗೂದಲು ಜಡೆಗಟ್ಟಿದರೆ ಅಮ್ಮ ಕರೆಯುತ್ತಿದ್ದಾಳೆ ಎನ್ನುತ್ತಿದ್ದರು. ಆದರೆ ಅನೇಕ ಮನೆಗಳಲ್ಲಿ ಕಾರಣ ಇನ್ನೂ ನೇರವಾಗಿತ್ತು: ಗಂಡುಮಕ್ಕಳಿಲ್ಲ. ಹೊಲವಿಲ್ಲದ ದಲಿತ ಕುಟುಂಬ, ಸಾಲಾಗಿ ಹೆಣ್ಣುಮಕ್ಕಳು. ಎಲ್ಲರೂ ಮದುವೆಯಾಗಿ ಹೋದರೆ ಮುದುಕರಿಗೆ ಅನ್ನ ಹಾಕುವವರು ಯಾರು? ಒಬ್ಬಳಿಗೆ ಮುತ್ತು ಕಟ್ಟಿದರೆ ಅವಳು ತವರಿನಲ್ಲೇ ಉಳಿಯುತ್ತಾಳೆ, ಮಗನಂತೆ ದುಡಿದು ಹಾಕುತ್ತಾಳೆ, ಆಸ್ತಿ ಎಂಬುದೇನಾದರೂ ಇದ್ದರೆ ಅದೂ ಅವಳಿಗೆ. ಒಂದು ಇಡೀ ಮನೆಯ ಮುಪ್ಪಿನ ಭಾರವನ್ನು ಎಂಟು ಹತ್ತು ವರ್ಷದ ಹುಡುಗಿಯ ಹೆಗಲಿಗೆ ಹಾಕುವ ಏರ್ಪಾಡು ಅದು. ಗುಡಿಯಲ್ಲಿ ನಡೆಯುತ್ತಿದ್ದ ಶಾಸ್ತ್ರ ಬರಿ ಮುದ್ರೆ. ತೀರ್ಮಾನ ಆಗುತ್ತಿದ್ದದ್ದು ಒಲೆಯ ಮುಂದೆ. ಅದಕ್ಕೇ ಈ ಪದ್ಧತಿಯನ್ನು ತಡೆಯುವುದು ಎಂದರೆ ಮಗುವನ್ನು ಉಳಿಸುವುದರ ಜೊತೆಗೆ ಆ ಮನೆಗೆ ಬದುಕುವ ಬೇರೆ ದಾರಿ ತೋರಿಸುವುದೂ ಹೌದು. ಈ ಸತ್ಯ ಕಾನೂನು ಬರೆದವರಿಗಿಂತ ಮುತ್ತು ಹೊತ್ತವರಿಗೆ ಚೆನ್ನಾಗಿ ಗೊತ್ತಿತ್ತು ಎಂಬುದೇ ನನಗೆ ಈ ಸಂಸ್ಥೆಯಲ್ಲಿ ಬಹಳ ದೊಡ್ಡದಾಗಿ ಕಾಣುವ ಸಂಗತಿ.

ಕಾನೂನುಗಳಿಗೆ ಕೊರತೆಯಿರಲಿಲ್ಲ. ಬೆಳಗಾವಿ, ವಿಜಯಪುರ ಸೀಮೆ ಮುಂಬೈ ಪ್ರಾಂತಕ್ಕೆ ಸೇರಿದ್ದಾಗಲೇ, 1934ರಲ್ಲಿ, ದೇವದಾಸಿಯರ, ಎಂದರೆ ಹೀಗೆ ಮುತ್ತು ಕಟ್ಟಿಸಿಕೊಂಡವರ, ರಕ್ಷಣೆಗೆ ಕಾಯ್ದೆ ಬಂದಿತ್ತು. ಕರ್ನಾಟಕ ಸರ್ಕಾರ 1982ರಲ್ಲಿ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ರೂಪಿಸಿತು. 1984ರಲ್ಲಿ ಅದು ಜಾರಿಗೆ ಬಂತು. ಮುತ್ತು ಕಟ್ಟಿಸಿದವರಿಗೆ ಮೂರು ವರ್ಷದವರೆಗೆ ಸೆರೆ, ಹೆತ್ತವರೇ ಕಟ್ಟಿಸಿದರೆ ಐದು ವರ್ಷದವರೆಗೆ. ಕಾಯ್ದೆ ಬಂದ ಮೇಲೆ ಆದದ್ದೇನು? ಗುಡ್ಡದ ಮೇಲೆ ನಾಲ್ಕು ಜನರೆದುರು ನಡೆಯುತ್ತಿದ್ದದ್ದು ಮನೆಯೊಳಗೆ, ಸಣ್ಣ ಗುಡಿಗಳಲ್ಲಿ, ರಾತ್ರಿ ಹೊತ್ತಿನಲ್ಲಿ ನಡೆಯತೊಡಗಿತು. ಪೊಲೀಸರಿಗೆ ಅದು ತಿಳಿಯುವುದಾದರೂ ಹೇಗೆ? ಓಣಿಯ ಹೆಂಗಸರಿಗೆ ಮಾತ್ರ ತಿಳಿಯುತ್ತದೆ.

1990ರ ದಶಕದ ಮೊದಲಿಗೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ದೇವದಾಸಿ ಪುನರ್ವಸತಿ ಯೋಜನೆ ಆರಂಭಿಸಿದಾಗ, ಬೆಳಗಾವಿ ಜಿಲ್ಲೆಯಲ್ಲಿ ಅದರ ಜೊತೆ ನಿಂತದ್ದು ಮೈರಾಡ. 1968ರಲ್ಲಿ ಹುಟ್ಟಿದ ಈ ಸಂಸ್ಥೆ ಸ್ವಸಹಾಯ ಸಂಘಗಳನ್ನು ಕಟ್ಟುವುದರಲ್ಲಿ ಆಗಲೇ ಪಳಗಿತ್ತು. ಹಳ್ಳಿಗಳಲ್ಲಿ ಮುತ್ತು ಕಟ್ಟಿಸಿಕೊಂಡವರ ಸಣ್ಣ ಸಣ್ಣ ಸಂಘಗಳಾದವು. ವಾರಕ್ಕೊಮ್ಮೆ ಕೂಡುವುದು, ಕೈಲಾದ ಒಂದೆರಡು ರೂಪಾಯಿ ಹಾಕುವುದು, ಅದರಲ್ಲೇ ಸಾಲ ಕೊಟ್ಟು ತೀರಿಸಿಕೊಳ್ಳುವುದು. ಆಡು, ಎಮ್ಮೆ, ಕಿರಾಣಿ ಅಂಗಡಿ. ಕೇಳಲಿಕ್ಕೆ ಇದು ಎಲ್ಲ ಕಡೆಯ ಸ್ವಸಹಾಯ ಸಂಘದ ಕಥೆಯಂತೆಯೇ ಇದೆ. ಆದರೆ ಯಾರ ಹೆಸರನ್ನು ಊರು ಬೈಗುಳವಾಗಿ ಬಳಸುತ್ತಿತ್ತೋ ಅವರು ಬ್ಯಾಂಕಿನ ಪುಸ್ತಕದಲ್ಲಿ ತಮ್ಮ ಹೆಸರು ನೋಡುವುದು ಬೇರೆಯೇ ಮಾತು. ಸಹಿ ಮಾಡಲು ಕಲಿತರು. ಅಧಿಕಾರಿಯೆದುರು ಕುರ್ಚಿಯಲ್ಲಿ ಕೂತು ಮಾತಾಡಲು ಕಲಿತರು. 1997ರಲ್ಲಿ ಈ ಸಂಘಗಳೆಲ್ಲ ಒಟ್ಟುಗೂಡಿ ತಮ್ಮದೇ ಸಂಸ್ಥೆಯನ್ನು ನೋಂದಾಯಿಸಿದವು. ಅದೇ ‘ಮಾಸ್’.

ಘಟಪ್ರಭಾ ಸೇವೆಗೆ ಹೊಸ ಊರಲ್ಲ. ಸೇವಾದಳದ ಡಾ. ನಾ.ಸು. ಹರ್ಡೀಕರರು ನೆಲೆಸಿದ ಊರು ಅದು, ಕರ್ನಾಟಕ ಆರೋಗ್ಯಧಾಮದ ಊರು. ಆದರೆ ಅಲ್ಲಿಯವರೆಗೆ ಸೇವೆ ಮಾಡುವವರು ಒಂದು ಕಡೆ, ಮಾಡಿಸಿಕೊಳ್ಳುವವರು ಇನ್ನೊಂದು ಕಡೆ ಇದ್ದರು. ಇಲ್ಲಿ ಆ ಗೆರೆ ಅಳಿಯಿತು. ಸದಸ್ಯರು ಮುತ್ತು ಕಟ್ಟಿಸಿಕೊಂಡವರು, ಆಡಳಿತ ಮಂಡಳಿಯವರೂ ಅವರೇ. ಮೈರಾಡ ಕ್ರಮೇಣ ಹಿಂದೆ ಸರಿದು ಚುಕ್ಕಾಣಿ ಬಿಟ್ಟುಕೊಟ್ಟದ್ದೂ ಮೆಚ್ಚತಕ್ಕದ್ದು. ಕಟ್ಟಿ ಬೆಳೆಸಿದ್ದನ್ನು ಬಿಟ್ಟುಕೊಡುವ ಸಂಸ್ಥೆಗಳು ನಮ್ಮಲ್ಲಿ ಕಡಿಮೆ.

ಮಾಘ ಮಾಸದ ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಅದಕ್ಕೂ ಮೊದಲು ಹೊಸ್ತಿಲ ಹುಣ್ಣಿಮೆಗೆ ಗಂಡ ಜಮದಗ್ನಿ ಸತ್ತನೆಂದು ಎಲ್ಲಮ್ಮನ ಬಳೆ ಒಡೆಯುತ್ತಾರೆ. ಭಾರತ ಹುಣ್ಣಿಮೆಗೆ ಅವಳು ಮತ್ತೆ ಮುತ್ತೈದೆ. ಈ ಜಾತ್ರೆಗಳಲ್ಲಿ ಅಮ್ಮನ ಬುಟ್ಟಿಯಾದ ಪಡ್ಲಿಗೆ ಹೊತ್ತು ಬೆಳೆದ ಹೆಂಗಸರೇ ಈಗ ಅಲ್ಲಿ ನಿಂತು ಬೀದಿ ನಾಟಕ ಆಡುತ್ತಾರೆ, ಮುತ್ತು ಕಟ್ಟಬೇಡಿ ಎಂದು ಹಾಡು ಕಟ್ಟಿ ಹಾಡುತ್ತಾರೆ, ಹುಡುಗಿಯರನ್ನು ಕರೆತಂದ ಕುಟುಂಬಗಳ ಮೇಲೆ ಕಣ್ಣಿಡುತ್ತಾರೆ. ಅಮ್ಮನ ಮೇಲೆ ಅವರಿಗೆ ಸಿಟ್ಟಿಲ್ಲ. ಭಕ್ತಿಯನ್ನು ಬಿಡಿ ಎಂದು ಯಾರಿಗೂ ಹೇಳುವುದಿಲ್ಲ. ಹುಡುಗಿಯನ್ನು ಬಿಡಿ ಎನ್ನುತ್ತಾರೆ, ಅಷ್ಟೇ. ನಗರದಿಂದ ಬಂದ ಸುಧಾರಕರು ಈ ಎರಡನ್ನೂ ಒಂದೇ ಗಂಟು ಮಾಡಿ ಹೇಳಿದಾಗ ಹಳ್ಳಿ ಬಾಗಿಲು ಹಾಕಿಕೊಂಡಿತ್ತು. ‘ನನಗೂ ಕಟ್ಟಿದ್ದರು, ನೋಡವ್ವ’ ಎನ್ನುವವಳು ಬಂದರೆ ಬಾಗಿಲು ತೆರೆಯಲೇಬೇಕಾಗುತ್ತದೆ.

ಇಂಥ ನಾಯಕತ್ವಕ್ಕೆ ನಮ್ಮ ಪಕ್ಕದಲ್ಲೇ ಒಂದು ಹಳೆಯ ಮಾದರಿಯಿದೆ. ಮದರಾಸಿನ ಡಾ. ಮುತ್ತುಲಕ್ಷ್ಮಿ ರೆಡ್ಡಿ ದೇವದಾಸಿ ಮನೆತನದ ತಾಯಿಯ ಮಗಳು. ವೈದ್ಯೆಯಾಗಿ, ಶಾಸನಸಭೆ ಸೇರಿ, ಸಮರ್ಪಣೆಯ ವಿರುದ್ಧ ಮಸೂದೆಗಾಗಿ ಹೋರಾಡಿ, 1930ರಲ್ಲಿ ದಿಕ್ಕಿಲ್ಲದ ಹುಡುಗಿಯರಿಗಾಗಿ ಅವ್ವೈ ಹೋಮ್ ತೆರೆದರು. ಅವರ ಕೈಯಲ್ಲಿ ಓದು ಇತ್ತು, ಸ್ಥಾನ ಇತ್ತು. ಘಟಪ್ರಭಾದವರು ಓದು ಬರಹವಿಲ್ಲದ ಕಡೆಯಿಂದ ಹೊರಟರು.

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ ಕಡೆಯ ಸಂಕಟಕ್ಕೆ ಇನ್ನೊಂದು ಪದರ ಇತ್ತು. ಮುತ್ತು ಕಟ್ಟಿಸಿಕೊಂಡ ಹುಡುಗಿಯರು ಸಾಂಗಲಿ, ಪುಣೆ, ಮುಂಬೈಗಳಿಗೆ ಹೋಗುವ ದಾರಿ ಹಳೆಯದು. ಅದೇ ದಾರಿಯಲ್ಲಿ ಎಚ್‌ಐವಿ ಊರಿಗೆ ಬಂತು. ರಾಜ್ಯದಲ್ಲಿ ಸೋಂಕು ಬಹಳ ಹೆಚ್ಚಿದ್ದ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದಾಗಿತ್ತು. ತಾಯಿ ಹಾಸಿಗೆ ಹಿಡಿದ, ಅಜ್ಜಿಯ ಕೈಗೆ ಮೊಮ್ಮಕ್ಕಳು ಬಿದ್ದ ಮನೆಗಳಲ್ಲಿ ಸಂಘದ ಹೆಂಗಸರು ಮಾಡಿದ ಕೆಲಸ ಯಾವ ವರದಿಯಲ್ಲೂ ಪೂರ್ತಿ ಬಂದಿರಲಾರದು: ಆಸ್ಪತ್ರೆಗೆ ಕರೆದೊಯ್ಯುವುದು, ಮಾತ್ರೆ ತಪ್ಪದಂತೆ ನೋಡುವುದು, ಮಗುವನ್ನು ಶಾಲೆಗೆ ಕಳಿಸುವುದು. ಮುಂದೆ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ‘ಸಮತಾ’ ಎಂಬ ಹೆಸರಿನಲ್ಲಿ ಪರಿಶಿಷ್ಟ ಸಮುದಾಯಗಳ ಹುಡುಗಿಯರನ್ನು ಪ್ರೌಢಶಾಲೆಯಲ್ಲಿ ಉಳಿಸುವ ಕಾರ್ಯಕ್ರಮ ನಡೆಸಿತು. ಹುಡುಗಿ ಏಳನೆಯ ಇಯತ್ತೆ ದಾಟಿ ಶಾಲೆಯಲ್ಲೇ ಉಳಿದಷ್ಟೂ ಮುತ್ತಿನಿಂದಲೂ ಬಾಲ್ಯವಿವಾಹದಿಂದಲೂ ದೂರ ಎಂಬುದು ಅದರ ಹಿಂದಿನ ಲೆಕ್ಕ. ಹೊಸಪೇಟೆಯಲ್ಲಿ ಎಂ. ಭಾಗ್ಯಲಕ್ಷ್ಮಿ ಅವರ ಸಖಿ ಟ್ರಸ್ಟ್ ಇದೇ ದಾರಿ ಹಿಡಿದು ದೇವದಾಸಿಯರ ಹೆಣ್ಣುಮಕ್ಕಳ ಓದಿಗೆ ಬೆನ್ನಾಗಿ ನಿಂತಿದೆ.

ಶಾಲೆ ಎಂದ ಕೂಡಲೇ ಎದುರಾಗುವುದು ಅರ್ಜಿಯಲ್ಲಿನ ‘ತಂದೆಯ ಹೆಸರು’ ಎಂಬ ಖಾನೆ. ಇದು ಸಣ್ಣ ವಿಷಯವಲ್ಲ. ದಾಖಲಾತಿ, ಜಾತಿ ಪ್ರಮಾಣಪತ್ರ, ವಸತಿ ನಿಲಯ, ವಿದ್ಯಾರ್ಥಿವೇತನ, ಕೊನೆಗೆ ಕನ್ಯೆ ನೋಡಲು ಬಂದವರ ಪ್ರಶ್ನೆ, ಎಲ್ಲ ಕಡೆಗೂ ಆ ಖಾನೆ ಬೆನ್ನು ಹತ್ತಿ ಬರುತ್ತದೆ. ಇಡೀ ತರಗತಿಯ ಮುಂದೆ ಅಪ್ಪನ ಹೆಸರು ಕೇಳಿಸಿಕೊಂಡ ಹುಡುಗ ಮರುದಿನ ಶಾಲೆ ತಪ್ಪಿಸಿದರೆ ಯಾರು ಹೊಣೆ?

ಐಹೊಳೆ, ಪಟ್ಟದಕಲ್ಲು ನೋಡಿಕೊಂಡು ಬಾದಾಮಿಗೆ ಹೋಗುವವರು ದಾರಿಯಲ್ಲಿ ಮಹಾಕೂಟಕ್ಕೆ ತಿರುಗುತ್ತಾರೆ. ಅಲ್ಲಿಯ ಮಹಾಕೂಟೇಶ್ವರ ಗುಡಿಯಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ, ಎಂದರೆ ಎಂಟನೆಯ ಶತಮಾನದ ಆಸುಪಾಸಿನ, ಒಂದು ಕನ್ನಡ ಶಾಸನವಿದೆ. ರಾಜನ ಪ್ರಾಣವಲ್ಲಭೆಯಾಗಿದ್ದ ವಿನಾಪೋಟಿ ಎಂಬ ಗಣಿಕೆ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಭೂಮಿ ಕೊಟ್ಟದ್ದನ್ನು ಅದು ಹೇಳುತ್ತದೆ. ಅವಳ ಕುಲವನ್ನು ಹೇಳುವಾಗ ಶಾಸನ ಹೆಸರಿಸುವುದು ಅಜ್ಜಿ ರೇವಮಂಚಳನ್ನು, ತಾಯಿ ಕುಚಿಪೋಟಿಯನ್ನು. ಮೂರು ತಲೆಮಾರು, ಮೂವರೂ ಹೆಂಗಸರು. ತಂದೆಯ ಹೆಸರು ಕಲ್ಲಿಗೆ ಬೇಕಾಗಲಿಲ್ಲ. ಅರಮನೆಯ ಆ ಸಿರಿವಂತೆಗೂ ಇವತ್ತು ಕೂಲಿಗೆ ಹೋಗುವ ದಲಿತ ತಾಯಿಗೂ ಹೋಲಿಕೆ ಮಾಡಲಾಗದು, ಮಾಡಿದರೆ ಅನ್ಯಾಯ. ಆದರೂ ತಾಯಿಯ ಹೆಸರಿನಿಂದ ಒಬ್ಬರ ಗುರುತು ಪೂರ್ಣವಾಗುತ್ತದೆ ಎಂದು ಒಪ್ಪಿಕೊಳ್ಳಲು ಈ ನೆಲಕ್ಕೆ 1300 ವರ್ಷಗಳ ಹಿಂದೆ ಆಗಿದ್ದು ನಮ್ಮ ಕಚೇರಿಗಳಿಗೆ ಇಷ್ಟು ಕಷ್ಟವಾದದ್ದು ನೋವಿನ ಸಂಗತಿ.

ಈಗ ಕಾನೂನು ಆ ಕಡೆಗೆ ಹೊರಳಿದೆ. ಮದುವೆಯಾಗದ ತಾಯಿ ಮಗುವಿನ ಪೋಷಕತ್ವಕ್ಕಾಗಿ ತಂದೆಯ ಹೆಸರು ಹೇಳಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪು ಕೊಟ್ಟಿತು. ರಾಜ್ಯ ವಿಧಾನಮಂಡಲ 2025ರಲ್ಲಿ ಒಪ್ಪಿದ ಹೊಸ ದೇವದಾಸಿ ಮಸೂದೆ, ಮಕ್ಕಳು ದಾಖಲೆಗಳಲ್ಲಿ ತಂದೆಯ ಹೆಸರು ಕೊಡಲೇಬೇಕೆಂಬ ಒತ್ತಾಯವನ್ನು ತೆಗೆದುಹಾಕುತ್ತದೆ; ತಂದೆ ಯಾರೆಂದು ಸಾಬೀತು ಮಾಡಿ ಹಕ್ಕು ಕೇಳಬೇಕೆನ್ನುವ ಮಕ್ಕಳಿಗೆ ಆ ದಾರಿಯನ್ನೂ ತೆರೆಯುತ್ತದೆ. ಹಳೆಯ ಕಾಯ್ದೆಗೆ ಶಿಕ್ಷೆಯೇ ಮುಖ್ಯವಾಗಿತ್ತು. ಹೊಸದರಲ್ಲಿ ಮಕ್ಕಳು ಕಾಣುತ್ತಿದ್ದಾರೆ. ಸಂಘದ ಹೆಂಗಸರು ದಶಕಗಳಿಂದ ಹೇಳುತ್ತ ಬಂದದ್ದು ಇದನ್ನೇ.

ಕಾಗದದ ಕೆಲಸ ಮಾತ್ರ ಮುಗಿದಿಲ್ಲ. 1993-94ರ ಸಮೀಕ್ಷೆಯಲ್ಲಿ 22,873, 2007-08ರಲ್ಲಿ ಮತ್ತೆ 23,787 ದೇವದಾಸಿಯರನ್ನು ಸರ್ಕಾರ ಗುರುತಿಸಿತು. ಮಾಸಾಶನ, ಮನೆ, ಸಾಲ, ಮಕ್ಕಳ ಮದುವೆಗೆ ಸಹಾಯಧನ ಎಲ್ಲವೂ ಈ ಪಟ್ಟಿಗಳಿಗೆ ಕಟ್ಟುಬಿದ್ದಿವೆ. ಸಮೀಕ್ಷೆಯ ಹೊತ್ತಿಗೆ ದುಡಿಯಲು ಊರು ಬಿಟ್ಟಿದ್ದವಳು, ನಾಚಿಕೆಯಿಂದ ಹೆಸರು ಹೇಳದವಳು, ಕಾಯ್ದೆ ಬಂದ ಮೇಲೆ ಕದ್ದು ಮುತ್ತು ಕಟ್ಟಿಸಿಕೊಂಡು ಅದನ್ನು ಒಪ್ಪಿಕೊಂಡರೆ ಅಪ್ಪ ಅವ್ವ ಜೈಲಿಗೆ ಹೋಗುತ್ತಾರೆಂದು ಹೆದರಿದವಳು, ಇವರೆಲ್ಲ ಹೊರಗುಳಿದರು. ಅಂಥವರನ್ನು ತಹಶೀಲ್ದಾರ್ ಕಚೇರಿಯವರೆಗೆ ಕರೆದೊಯ್ಯುವವರು ಇಂದಿಗೂ ಸಂಘಟನೆಯ ಹೆಂಗಸರೇ.

ಸಂಸ್ಥೆ ಗೆದ್ದಷ್ಟೂ ಅದರ ಸದಸ್ಯರು ಕಡಿಮೆಯಾಗುತ್ತ ಹೋಗಬೇಕು. ಹೊಸದಾಗಿ ಯಾರಿಗೂ ಮುತ್ತು ಕಟ್ಟದಿದ್ದರೆ ಇದು ಒಂದು ತಲೆಮಾರಿನ ಸಂಸ್ಥೆ. ಮೊದಲ ಸಂಘಗಳಿಗೆ ರೂಪಾಯಿ ಹಾಕಿದವರಿಗೆ ಈಗ ವಯಸ್ಸಾಗಿದೆ. ಅವರ ಮಕ್ಕಳಲ್ಲಿ ಓದಿದವರಿದ್ದಾರೆ, ನೌಕರಿ ಹಿಡಿದವರಿದ್ದಾರೆ, ಮದುವೆಯಾಗಿ ತಾಯಿಯ ಗತವನ್ನು ಯಾರಿಗೂ ಹೇಳದೆ ಬದುಕಲು ಬಯಸಿದವರೂ ಇದ್ದಾರೆ. ಅವರಲ್ಲಿ ಯಾರು ಮುಂದೆ ಬಂದು ತಾಯಿಯ ಕೆಲಸ ಹೊರುತ್ತಾರೆ ಎಂಬುದನ್ನು ಹೊರಗಿನವರು ಕೇಳಲೂ ಬಾರದು, ಒತ್ತಾಯಿಸಲೂ ಬಾರದು. ಮರೆತು ಬದುಕುವುದೂ ಆ ಮಕ್ಕಳ ಹಕ್ಕು.

ಓದುಗರ ಕೈಲಿರುವುದು ಬೇರೆ ಕೆಲಸ. ನಿಮ್ಮ ಊರಲ್ಲಿ, ಓಣಿಯಲ್ಲಿ, ಹುಣ್ಣಿಮೆಯ ಮುಂಚೆ ಒಂದು ಮನೆಯಲ್ಲಿ ಹುಡುಗಿಗೆ ಹಸಿರು ಸೀರೆ, ಬಳೆ ತರುತ್ತಿರುವ ಸುದ್ದಿ ಬಂದರೆ, ಅವಳು ಇದ್ದಕ್ಕಿದ್ದಂತೆ ಶಾಲೆಗೆ ಬರುವುದು ನಿಂತರೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕರೆ ಮಾಡಿದವರ ಹೆಸರನ್ನು ಗುಟ್ಟಾಗಿ ಇಡುತ್ತಾರೆ. ಅಂಗನವಾಡಿ ಕಾರ್ಯಕರ್ತೆಗೆ ಹೇಳಿದರೂ ಆಗುತ್ತದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಸುದ್ದಿ ಮುಟ್ಟಿಸುವುದು ಅವರಿಗೆ ಗೊತ್ತು.